ಮೆಲ್ಲೊಫೋನ್ ಮಕ್ಕಳ ಬಗ್ಗೆ ಸ್ವಲ್ಪ ಹೇಳಬೇಕು. ಮಾರ್ಚಿಂಗ್ ಬ್ಯಾಂಡ್ ಅಪ್ಪ-ಅಮ್ಮಂದಿರೆಲ್ಲ ಬನ್ನಿ

ಮೆಲ್ಲೊ_ಅಮ್ಮ

ನಾವಿರುವುದು ಡಲ್ಲಾಸ್ ಕಡೆ, ನನ್ನ ಊರು ಸಾಗರ. ಚಿಕ್ಕ ಮಗಳು ಈಗ 12ನೇ ತರಗತಿ. ನಾಲ್ಕು ವರ್ಷದಿಂದ ಹೈಸ್ಕೂಲ್ ಮಾರ್ಚಿಂಗ್ ಬ್ಯಾಂಡಿನಲ್ಲಿ, ಅಂದರೆ ಮೈದಾನದಲ್ಲಿ ನಡೆಯುತ್ತಾ ನುಡಿಸುವ ಬ್ಯಾಂಡಿನಲ್ಲಿ, ಮೆಲ್ಲೊಫೋನ್ ಅನ್ನುವ ಹಿತ್ತಾಳೆ ವಾದ್ಯ ಊದುತ್ತಾಳೆ, ಈ ವರ್ಷ ಸೆಕ್ಷನ್ ಲೀಡರ್, ಅಂದರೆ ಆ ವಾದ್ಯದ ಮಕ್ಕಳಿಗೆ ಮುಂದಾಳು. ಹೋದ ಶನಿವಾರ ಒಬ್ಬರ ಮನೆ ಊಟಕ್ಕೆ ಹೋಗಿದ್ದೆವು. ಅಲ್ಲಿ ಪರಿಚಯದವರೊಬ್ಬರು ಅವಳನ್ನು ಕೇಳಿದರು, "ಓ, ಟ್ರಂಪೆಟ್ ಸಿಗಲಿಲ್ವಾ ನಿಂಗೆ?" ನೋಯಿಸಬೇಕು ಅಂತ ಕೇಳಿದ್ದಲ್ಲ, ಗೊತ್ತು. ಮಗಳು ನಕ್ಕು ಸುಮ್ಮನಾದಳು. ನನಗೆ ಮಾತ್ರ ಆ ಮಾತು ಮನಸ್ಸಿನಿಂದ ಹೋಗಲೇ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೆಲ್ಲೊಫೋನ್ ಅಂದರೆ ಟ್ರಂಪೆಟ್ ಸಿಗದವರಿಗೆ ಕೊಡುವ ವಾದ್ಯ ಅಲ್ಲ. ಒಳಗೆ ಕುರ್ಚಿಯಲ್ಲಿ ಕುಳಿತು ನುಡಿಸುವಾಗ ಇವಳದು ಫ್ರೆಂಚ್ ಹಾರ್ನ್. ಆ ಹಾರ್ನಿನ ಬಾಯಿ ಹಿಂದಕ್ಕೆ ತಿರುಗಿರುತ್ತದೆ, ಬಲಗೈಯನ್ನು ಅದರೊಳಗೆ ಇಟ್ಟುಕೊಳ್ಳಬೇಕು. ಮೈದಾನದಲ್ಲಿ ಜನ ಕೂತಿರುವುದು ಮುಂದೆ, ಸ್ವರ ಹೋಗುವುದು ಹಿಂದೆ ಅಂದರೆ ಹೇಗೆ? ಅದಕ್ಕೆ ನಡೆಯುವಾಗ ಮೆಲ್ಲೊಫೋನ್. ಬಾಯಿ ಮುಂದಕ್ಕೆ, ಟ್ರಂಪೆಟ್ಟಿಗಿಂತ ಅಗಲ. ಶ್ರುತಿ ಎಫ್. ಫ್ರೆಂಚ್ ಹಾರ್ನಿನ ವಾಲ್ವ್ ಒತ್ತುವುದು ಎಡಗೈ, ಇದರದ್ದು ಬಲಗೈ. ಬೆರಳಿನ ಲೆಕ್ಕವೂ ಹಾರ್ನಿನದಲ್ಲ, ಟ್ರಂಪೆಟ್ಟಿನದು. ಕೊಳವೆ ಎಫ್ ಹಾರ್ನಿನ ಅರ್ಧದಷ್ಟು ಉದ್ದ ಇರುವುದರಿಂದ ಹೀಗೆ. ಅಂದರೆ ಈ ಮಕ್ಕಳು ಬೇಸಿಗೆಯಲ್ಲಿ ಒಂದು ವಾದ್ಯ ಕೆಳಗಿಟ್ಟು ಇನ್ನೊಂದು ಎತ್ತಿಕೊಳ್ಳುತ್ತಾರೆ, ಚಳಿಗಾಲಕ್ಕೆ ಮತ್ತೆ ಮೊದಲಿನದಕ್ಕೆ ವಾಪಸ್. ಕೈ ಬೇರೆ, ಬೆರಳು ಬೇರೆ, ಎಷ್ಟೋ ಮಕ್ಕಳಿಗೆ ತುಟಿ ಇಡುವ ಮೌತ್‌ಪೀಸ್ ಕೂಡ ಬೇರೆ. ಟ್ರಂಪೆಟ್ ಮಕ್ಕಳಿಗೆ ಈ ಬದಲಾವಣೆ ಇಲ್ಲ.

ಇನ್ನು ಶ್ರುತಿ. ಮೆಲ್ಲೊಫೋನ್ ಶ್ರುತಿಗೆ ಕೂರುವುದು ಕಷ್ಟ ಅಂತ ಬ್ಯಾಂಡಿನವರೆಲ್ಲ ಬಲ್ಲರು. ಒಬ್ಬೊಬ್ಬರೂ ಕೇಳಿ ಕೇಳಿ ತುಟಿಯಲ್ಲೇ ಸರಿ ಮಾಡಿಕೊಳ್ಳಬೇಕು. ಹತ್ತು ಮಕ್ಕಳಲ್ಲಿ ಒಬ್ಬರು ಕೂದಲೆಳೆ ಮೇಲೆ ಹೋದರೂ ಇಡೀ ಸೆಕ್ಷನ್ ಹುಳಿ ಹುಳಿ. ನಮ್ಮ ಮನೆಯಲ್ಲಿ ಅಮ್ಮನ ಫೋನಿನಲ್ಲಿ ತಂಬೂರಿ ಆ್ಯಪ್ ಇದೆ, ಅವರು ದೇವರನಾಮ ಹೇಳಿಕೊಳ್ಳಲು ಹಾಕಿಸಿಕೊಂಡಿದ್ದು. ಮಗಳು ಅದನ್ನು ನಾಲ್ಕು ಮನೆ ಶ್ರುತಿಗೆ, ಅಂದರೆ ಎಫ್‌ಗೆ, ಇಟ್ಟುಕೊಂಡು ಒಂದೇ ಸ್ವರವನ್ನು ಉಸಿರು ಇರುವಷ್ಟು ಹೊತ್ತು ಹಿಡಿಯುತ್ತಾಳೆ. ಆಮೇಲೆ ಸೆಕ್ಷನ್ ಮಕ್ಕಳೂ ಅದನ್ನೇ ಶುರು ಮಾಡಿದರು. ಶಾಲೆಯ ಪಾರ್ಕಿಂಗ್ ಜಾಗದಲ್ಲಿ ಹತ್ತು ಮಕ್ಕಳು ಸುತ್ತ ನಿಂತು ತಂಬೂರಿಗೆ ಮೆಲ್ಲೊಫೋನ್ ಸೇರಿಸುವುದನ್ನು ನಾನು ಕಾರಿನಲ್ಲಿ ಕುಳಿತು ಕೇಳಿದ್ದೇನೆ. ಸರಿಯಾಗಿ ಕೂತ ಕ್ಷಣ ಹತ್ತು ಸ್ವರ ಇದ್ದದ್ದು ಒಂದಾಗಿಬಿಡುತ್ತದೆ, ಯಾರದು ಯಾವುದು ಅಂತ ಅವರ ತಾಯಿಗೂ ಗೊತ್ತಾಗುವುದಿಲ್ಲ. ನನಗೆ ಹೆಮ್ಮೆ ಅನ್ನಿಸುವುದು ಅಲ್ಲಿ.

ನಿಮ್ಮ ಮಕ್ಕಳು ಯಾವ ಸೆಕ್ಷನ್? ಅವರ ವಾದ್ಯದ ಬಗ್ಗೆ ಬರೆಯಿರಿ. ಪದಕದ ಲೆಕ್ಕ ಬೇಡ.

ಇಂಡಿಯಾನಾ_ಅಪ್ಪ

ಅಕ್ಕಾ, ಓದಿ ಖುಷಿಯಾಯಿತು. ನನ್ನ ಮಗ ಸೂಸಾಫೋನ್, 10ನೇ ತರಗತಿ. ಆ ಮೈಗೆ ಸುತ್ತಿಕೊಳ್ಳುವ ದೊಡ್ಡದು ಇದೆಯಲ್ಲ, ಅದು. ಹಿತ್ತಾಳೆಯದಾದರೆ 12ರಿಂದ 15 ಕಿಲೊ ತೂಗುತ್ತದೆ, ಫೈಬರ್‌ಗ್ಲಾಸಿನದು ಸ್ವಲ್ಪ ಹಗುರ. ಎಡ ಭುಜದ ಮೇಲೆ ಪೂರ್ತಿ ಭಾರ. ಮೊದಲ ವರ್ಷ ಭುಜ ಕೆಂಪಾಗಿ ಬಂದು ರಾತ್ರಿ ಐಸ್ ಇಟ್ಟುಕೊಳ್ಳುತ್ತಿದ್ದ. "ಬೇಡ ಬಿಡು ಕಂದಾ" ಅಂದರೆ, "ಅಪ್ಪಾ, ನಾವು ಐದೇ ಜನ, ನಾನು ಬಿಟ್ಟರೆ ನಾಲ್ಕು" ಅಂದ. ಮುಂದೆ ನಾನು ಏನೂ ಹೇಳಲಿಲ್ಲ.

ಇದರ ಕಥೆ ಕೂಡ ಚೆನ್ನಾಗಿದೆ. ಜಾನ್ ಫಿಲಿಪ್ ಸೂಸಾ ಅನ್ನುವ ದೊಡ್ಡ ಬ್ಯಾಂಡ್ ಮಾಸ್ಟರ್‌ಗೆ ಆಗಿನ ಹೆಲಿಕಾನ್ (ಮೈಗೆ ಸುತ್ತಿಕೊಳ್ಳುವ ಹಳೆಯ ಬಗೆಯ ಟ್ಯೂಬಾ) ಸದ್ದು ಸಮಾಧಾನ ಕೊಟ್ಟಿರಲಿಲ್ಲ, ನೇರ ಒಂದು ಕಡೆ ನುಗ್ಗುವ ಬದಲು ಇಡೀ ಬ್ಯಾಂಡಿನ ಮೇಲೆ ಹರಡಬೇಕು ಅನ್ನುವುದು ಅವನ ಆಸೆ. 1893ರಲ್ಲಿ ಪೆಪ್ಪರ್ ಕಂಪನಿ ಮೊದಲನೆಯದನ್ನು ಮಾಡಿತು, 1898ರಲ್ಲಿ ಕಾನ್ ಕಂಪನಿ ಮಾಡಿತು. ಆಗ ಅದರ ಬಾಯಿ ಆಕಾಶ ನೋಡುತ್ತಿತ್ತು, ಮಳೆ ಹಿಡಿಯುವ ಪಾತ್ರೆ ಅಂತಲೇ ಅಡ್ಡಹೆಸರು. ಮುಂದಕ್ಕೆ ತಿರುಗಿದ್ದು ಆಮೇಲೆ.

ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾಂಡ್ ಮೈದಾನದಲ್ಲಿ ಸಾಲಾಗಿ ನಡೆದು ರಾಜ್ಯದ ಹೆಸರನ್ನು ಇಂಗ್ಲಿಷ್ ಕೂಡುಬರಹದಲ್ಲಿ ಬರೆಯುತ್ತದೆ, 1936ರಿಂದ ನಡೆದು ಬಂದ ಪದ್ಧತಿ. ಕೊನೆಗೆ ಐ ಅಕ್ಷರದ ಮೇಲಿನ ಚುಕ್ಕೆಯ ಜಾಗಕ್ಕೆ ಒಬ್ಬ ಹಿರಿಯ ಸೂಸಾಫೋನ್ ವಿದ್ಯಾರ್ಥಿ ಬಂದು ನಿಂತು ತಲೆಬಾಗಿ ನಮಸ್ಕರಿಸುತ್ತಾನೆ. ಒಂದು ಲಕ್ಷ ಜನ ಎದ್ದು ಕೂಗುತ್ತಾರೆ. ಉಳಿದ ದಿನವೆಲ್ಲ ಹಿಂದೆ ನಿಂತು ಬುನಾದಿ ಹಿಡಿದವನಿಗೆ ಸಲ್ಲಬೇಕಾದದ್ದೇ ಅದು.

ಬಾಸ್_ಡ್ರಮ್_4

ಆಂಟಿ ನಮಸ್ತೆ, ನಾನು ಈಗ ಕಾಲೇಜು, ನ್ಯೂಜೆರ್ಸಿಯಲ್ಲಿ ಓದಿದ್ದು. ಕನ್ನಡ ಟೈಪ್ ಮಾಡುವುದು ಅಮ್ಮ ಕಲಿಸಿದ್ದಾರೆ, ತಪ್ಪಿದ್ದರೆ ಕ್ಷಮಿಸಿ.

ನನ್ನದು ಡ್ರಮ್‌ಲೈನ್, ಡ್ರಮ್ ಬಾರಿಸುವವರ ಸಾಲು. ಎಲ್ಲರ ಕಣ್ಣು ಸ್ನೇರ್ ಅನ್ನುವ ಚಿಕ್ಕ ಡ್ರಮ್ ಮೇಲೆ ಇರುತ್ತದೆ. ಬಾಸ್ ಡ್ರಮ್ ನಮ್ಮಲ್ಲಿ ಐದು, ಒಂದಕ್ಕಿಂತ ಒಂದು ದೊಡ್ಡದು, ನಾನು ನಾಲ್ಕನೆಯವನು. ಬಾಸ್‌ನಲ್ಲಿ ಒಂದು ಸಾಲನ್ನು ಐದು ಜನ ಹಂಚಿಕೊಂಡು ನುಡಿಸುತ್ತೇವೆ. ಡಗಡಗಡಗಡ ಅಂತ ಮೇಲಿನಿಂದ ಕೆಳಗೆ ಇಳಿಯುತ್ತದಲ್ಲ, ಅದರಲ್ಲಿ ನನ್ನದು ಎಷ್ಟೋ ಸಲ ಒಂದೇ ಪೆಟ್ಟು. ಒಂದೇ ಒಂದು. ಅದು ಒಂಚೂರು ಮುಂದೆ ಬಿದ್ದರೂ ಹಿಂದೆ ಬಿದ್ದರೂ ಐದು ಜನ ಒಟ್ಟಿಗೆ ಹಾಳು. ಮನೆಯಲ್ಲಿ ಒಬ್ಬನೇ ಅಭ್ಯಾಸ ಮಾಡಿದರೆ ಅದರಲ್ಲಿ ಸಂಗೀತವೇ ಇರುವುದಿಲ್ಲ, ಉಳಿದ ನಾಲ್ವರು ಬಂದರೆ ಮಾತ್ರ ಇರುತ್ತದೆ. ಆ ನಾಲ್ವರಲ್ಲಿ ಇಬ್ಬರ ಜೊತೆ ಈಗಲೂ ವಾರಕ್ಕೊಮ್ಮೆ ಮಾತು.

ಮೆಲ್ಲೊಫೋನಿನವರ ರಿಪ್ ನನಗೆ ತುಂಬಾ ಇಷ್ಟ ಆಂಟಿ. ಕೆಳಗಿನ ಸ್ವರದಿಂದ ಮೇಲಕ್ಕೆ ಒಂದೇ ಉಸಿರಿಗೆ ಕಿತ್ತುಕೊಂಡು ಹೋಗುತ್ತಾರಲ್ಲ, ಮೈ ಜುಮ್ಮೆನ್ನುತ್ತಿತ್ತು.

ಮೆಲ್ಲೊ_ಅಮ್ಮ

ರಿಪ್ ಬಗ್ಗೆ ಹೇಳಿದ್ದಕ್ಕೆ ಮಗಳು ಕುರ್ಚಿಯಿಂದ ಎದ್ದು ಕುಣಿದಳು! ನಿನ್ನ ಕನ್ನಡ ಚೆನ್ನಾಗಿದೆ ಪುಟ್ಟಾ, ಅಮ್ಮನಿಗೆ ಹೇಳು.

ನೀನು ಡ್ರಮ್‌ಲೈನ್ ಅಂದಿದ್ದಕ್ಕೆ ಒಂದು ವಿಷಯ. ನಾನು ಎರಡು ವರ್ಷ ಸುಮ್ನೆ ನೋಡುತ್ತಿದ್ದೆ, ಅರ್ಥ ಆಗಿರಲಿಲ್ಲ. ಮೈದಾನದ ಅಗಲ 160 ಅಡಿ. ಹಿಂದಿನ ಗೆರೆಯಿಂದ ಮುಂದಿನ ಗೆರೆಗೆ ಸದ್ದು ಬರಲು ಒಂದು ಸೆಕೆಂಡಿನ ಏಳನೇ ಒಂದು ಭಾಗ ಬೇಕು. ಇಷ್ಟೇನಾ ಅನ್ನಿಸುತ್ತದೆ. ಆದರೆ ಇವರ ವೇಗ ಕೆಲವು ಕಡೆ ನಿಮಿಷಕ್ಕೆ 160 ತಾಳ (ಬೀಟ್). ಆಗ ಆ ಏಳನೇ ಒಂದು ಭಾಗ ಅಂದರೆ ಒಂದು ತಾಳದ ಮೂರನೇ ಒಂದಕ್ಕಿಂತ ಜಾಸ್ತಿ! ಮುಂದೆ ನಿಂತವಳು ಹಿಂದಿನವರ ಸದ್ದು ಕಿವಿಗೆ ಬಿದ್ದ ಮೇಲೆ ಊದಿದರೆ ಸರಿ. ಹಿಂದೆ ನಿಂತವಳು ಮುಂದಿನವರನ್ನು ಕೇಳಿ ಊದಿದರೆ ಜನರಿಗೆ ಎರಡು ಪಟ್ಟು ತಡವಾಗಿ ಕೇಳುತ್ತದೆ. ಅದಕ್ಕೆ ಹಿಂದಿನವರು, ಮುಂದೆ ನಿಂತು ತಾಳ ತೋರಿಸುವ ಡ್ರಮ್ ಮೇಜರ್ ಕೈ ನೋಡಿಕೊಂಡು, ತಮ್ಮ ಕಿವಿ ಹೇಳುವುದನ್ನು ನಂಬದೆ ಊದಬೇಕು. ಡ್ರಿಲ್‌ನಲ್ಲಿ, ಅಂದರೆ ಮೈದಾನದ ನಡಿಗೆಯಲ್ಲಿ, ಮಕ್ಕಳು ಜಾಗ ಬದಲಿಸುತ್ತಲೇ ಇರುತ್ತಾರೆ, ಅಂದರೆ ಈ ನಿಮಿಷ ಕಿವಿ ನಂಬಬೇಕು, ಮುಂದಿನ ನಿಮಿಷ ನಂಬಬಾರದು. ಅದರ ಜೊತೆ ಐದು ಗಜಕ್ಕೆ ಎಂಟು ಹೆಜ್ಜೆ, ಒಂದೊಂದೂ ಇಪ್ಪತ್ತೆರಡೂವರೆ ಇಂಚು, ಹಿಮ್ಮಡಿ ಮೊದಲು ಇಟ್ಟು ಮೆಲ್ಲಗೆ ಉರುಳಿಸಿ, ಮೇಲಿನ ಅರ್ಧ ಮೈ ಅಲುಗದ ಹಾಗೆ. ಮೈ ಅಲುಗಿದರೆ ಸ್ವರ ನಡುಗುತ್ತದೆ. ಎಲ್ಲಾ ಬಾಯಿಪಾಠ, ಕಾಗದ ನೋಡುವ ಹಾಗಿಲ್ಲ.

ಇದನ್ನು 15 ವರ್ಷದ ಮಕ್ಕಳು ಮಾಡುತ್ತಾರೆ.

ಅವಸರದ_ಅಪ್ಪ

ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ನನ್ನದು ನೇರ ಪ್ರಶ್ನೆ. ಮಗ 8ನೇ ತರಗತಿ, ಇದೇ ಡಲ್ಲಾಸ್ ಕಡೆ. ಅವನೂ ಹಾರ್ನ್, ಮುಂದಿನ ವರ್ಷ ಮಾರ್ಚಿಂಗ್‌ಗೆ ಸೇರುತ್ತೇನೆ ಅಂತ ಹಟ. ಜುಲೈ ಕೊನೆಯಿಂದ ನವೆಂಬರ್‌ವರೆಗೆ ಮನೆಯಲ್ಲಿ ಇರುವುದೇ ಇಲ್ಲ ಅಂತ ಕೇಳಿದ್ದೇನೆ. ಓದು ಯಾವಾಗ? ಎಪಿ ಕ್ಲಾಸ್ (ಕಾಲೇಜು ಮಟ್ಟದ ಪಾಠ), ಸ್ಯಾಟ್ (ಕಾಲೇಜು ಪ್ರವೇಶದ ಪರೀಕ್ಷೆ) ಎಲ್ಲ ಇದೆ. ಸಂಗೀತ ಬೇಕಾದರೆ ಮನೆಯಲ್ಲಿ ಕುಳಿತು ಕಲಿಯಬಹುದು ಅಲ್ವಾ? ಹತ್ತು ಜನರಲ್ಲಿ ಒಬ್ಬನಾಗಿ, ಯಾರಿಗೂ ಕೇಳದ ಭಾಗ ಊದಲು ಇಷ್ಟು ಕಷ್ಟ ಯಾಕೆ?

ಮೆಲ್ಲೊ_ಅಮ್ಮ

ಬೇಜಾರಿಲ್ಲ. ನಾನೂ ಇದೇ ಕೇಳಿದ್ದೆ.

ಓದಿನ ಮಾತು ಮೊದಲು. ಟೆಕ್ಸಾಸ್‌ನಲ್ಲಿ 1984ರಿಂದ ಕಾನೂನೇ ಇದೆ, ಪಾಸಾಗದಿದ್ದರೆ ಆಟವೂ ಇಲ್ಲ ಬ್ಯಾಂಡೂ ಇಲ್ಲ. ಅಂಕ 70ಕ್ಕಿಂತ ಕೆಳಗೆ ಹೋದರೆ ಮಗುವನ್ನು ಪ್ರದರ್ಶನದಿಂದ ಹೊರಗಿಡುತ್ತಾರೆ. ಶಾಲೆ ಶುರುವಾದ ಮೇಲೆ ವಾರದ ದಿನಗಳಲ್ಲಿ ಶಾಲೆ ಹೊತ್ತಿನ ಹೊರಗೆ ಒಟ್ಟು 8 ಗಂಟೆ ಅಭ್ಯಾಸಕ್ಕೆ ಮಾತ್ರ ಅವಕಾಶ. ಆದರೆ ಇದು ಸುಲಭ ಅಂತ ನಾನು ಸುಳ್ಳು ಹೇಳುವುದಿಲ್ಲ. ಶುಕ್ರವಾರ ರಾತ್ರಿ ಫುಟ್‌ಬಾಲ್ ಪಂದ್ಯ, ಶನಿವಾರ ಸ್ಪರ್ಧೆ, ಮನೆಗೆ ಬರುವಾಗ ಮಧ್ಯರಾತ್ರಿ. 11ನೇ ತರಗತಿಯಲ್ಲಿ ಒಂದು ಅವಧಿಗೆ ಅವಳ ಗಣಿತದ ಅಂಕ ಇಳಿಯಿತು, ಮನೆಯಲ್ಲಿ ಜಗಳ ಆಯಿತು, ಬಿಡಿಸಬೇಕು ಅಂತ ನಾವಿಬ್ಬರೂ ನಿರ್ಧಾರ ಮಾಡಿದ್ದೆವು. ಅವಳು ಒಂದು ಕಾಗದದಲ್ಲಿ ವಾರದ ಪೂರ್ತಿ ಗಂಟೆಗಳನ್ನು ಬರೆದು ತಂದು ಮುಂದಿಟ್ಟಳು, ಬಸ್ಸಿನಲ್ಲಿ ಕೂರುವ ಹೊತ್ತು ಸೇರಿಸಿ. ಹಾಗೇ ನಡೆದುಕೊಂಡಳು ಕೂಡ. ಅಂಕ ಮತ್ತೆ ಏರಿತು.

ಯಾರಿಗೂ ಕೇಳದ ಭಾಗ ಅಂದಿರಲ್ಲ, ಅದಕ್ಕೆ ಒಂದು ಘಟನೆ ಹೇಳುತ್ತೇನೆ. ಎರಡು ವರ್ಷದ ಹಿಂದೆ ಒಂದು ಅಭ್ಯಾಸದ ದಿನ ಮೆಲ್ಲೊಫೋನ್ ಮಕ್ಕಳಲ್ಲಿ ಹೆಚ್ಚಿನವರಿಗೆ ಜ್ವರ, ಬಂದವರು ಇಬ್ಬರು. ನಾನು ನೀರು ಹಂಚಲು ಹೋಗಿದ್ದೆ. ಟ್ರಂಪೆಟ್ ಇತ್ತು, ಟ್ಯೂಬಾ ಇತ್ತು, ರಾಗ ಕೇಳುತ್ತಿತ್ತು, ತಾಳ ಕೇಳುತ್ತಿತ್ತು. ಆದರೂ ಏನೋ ಟೊಳ್ಳು. ಉಪ್ಪಿಲ್ಲದ ಸಾರು ಅಂತಾರಲ್ಲ ಹಾಗೆ. ಸಂಗೀತ ಗೊತ್ತಿಲ್ಲದ ಇನ್ನೊಬ್ಬ ತಾಯಿ ನನ್ನ ಪಕ್ಕದಲ್ಲಿ ನಿಂತು, "ಇವತ್ತು ಯಾಕೋ ಬ್ಯಾಂಡ್ ಸಣ್ಣಗಾಗಿದೆ" ಅಂದರು. ಮೇಲಿನ ಸ್ವರ, ಕೆಳಗಿನ ಸ್ವರ ಎರಡನ್ನೂ ಹೊಲಿಯುವ ದಾರ ಇರಲಿಲ್ಲ. ಮೆಲ್ಲೊಫೋನಿನದು ಹೆಚ್ಚಾಗಿ ಮುಖ್ಯ ರಾಗ ಅಲ್ಲ, ಅದಕ್ಕೆ ಎದುರಾಗಿ ಹರಿಯುವ ಇನ್ನೊಂದು ರಾಗ. ಜನರ ಬಾಯಲ್ಲಿ ಉಳಿಯುವುದು ಟ್ರಂಪೆಟ್ಟಿನ ಸಾಲು. ಆದರೆ ಎದೆ ತುಂಬುವುದು ಈ ನಡುವಿನದರಿಂದ.

ಬನ್ನಿಮಂಟಪ

ತಂಗೀ, ನಾನು ಮೈಸೂರಿನವನು, ಮಗಳ ಮನೆಗೆ ಬಂದು ಆರು ತಿಂಗಳಾಯಿತು, ಅವಳೇ ನಿಮ್ಮ ಬರಹ ತೋರಿಸಿದಳು. ನನ್ನ ಮೊಮ್ಮಗ ಕ್ಲಾರಿನೆಟ್.

ನಡುವಿನ ದಾರ ಅಂದಿರಲ್ಲ, ಸರಿಯಾದ ಮಾತು. ನಮ್ಮ ಮದುವೆಗಳಲ್ಲಿ ಓಲಗ ಊದುವವರ ಜೊತೆ ಒಬ್ಬರು ಸುಮ್ಮನೆ ಶ್ರುತಿ ಹಿಡಿದು ಕೂರುತ್ತಾರೆ. ಚಪ್ಪಾಳೆ ನಾಗಸ್ವರಕ್ಕೆ, ಡೋಲಿಗೆ. ಆದರೆ ಆ ಶ್ರುತಿ ನಿಂತರೆ ವಿದ್ವಾಂಸರೇ ತಿರುಗಿ ನೋಡುತ್ತಾರೆ.

ಚಿಕ್ಕಂದಿನಿಂದ ದಸರಾ ಜಂಬೂಸವಾರಿಯಲ್ಲಿ ನಾನು ಕಾಯುತ್ತಿದ್ದದ್ದು ಆನೆಗೂ ಮೊದಲು ಪೊಲೀಸ್ ಬ್ಯಾಂಡಿಗೆ. ನಮ್ಮಲ್ಲಿ ಎರಡು ಬಗೆಯದಿದೆ, ಒಂದು ಇಂಗ್ಲಿಷ್ ಬ್ಯಾಂಡ್, ಇನ್ನೊಂದು ಕರ್ನಾಟಕ ವಾದ್ಯವೃಂದ. ಎರಡಕ್ಕೂ ಅರಮನೆಯ ಕಾಲದ ಬೇರು. ಅರಮನೆ ಬ್ಯಾಂಡಿನಿಂದಲೇ ನಮಗೆ ಒಂದು ದೊಡ್ಡ ಉಪಕಾರ ಆಗಿದೆ, ಮಕ್ಕಳಿಗೆ ಹೇಳಿ. ಕದ್ರಿ ಗೋಪಾಲನಾಥರ ತಂದೆ ನಾಗಸ್ವರ ವಿದ್ವಾಂಸರು, ಮಗನೂ ಅದನ್ನೇ ಕಲಿಯುತ್ತಿದ್ದರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದ ಮೇಲೆ ಅವರ ಮನಸ್ಸು ಅತ್ತ ತಿರುಗಿತು. ಕರ್ನಾಟಕ ಸಂಗೀತಕ್ಕೆ ಅದು ಹೊರಗಿನ ವಾದ್ಯ, ಗಮಕ ಬರುವುದಿಲ್ಲ ಅನ್ನುವವರೇ ಜಾಸ್ತಿ. ವರ್ಷಗಟ್ಟಲೆ ಕುಳಿತು ಅದರಲ್ಲಿ ಗಮಕ ತಂದರು. 2004ರಲ್ಲಿ ಪದ್ಮಶ್ರೀ ಬಂತು. ಇದು ಯಾವ ವಾದ್ಯ, ಇದು ಯಾಕೆ ಅಂತ ಕೇಳುವವರು ಆಗಲೂ ಇದ್ದರು ತಾಯೀ. ನಿಮ್ಮ ಮಗಳು ನಕ್ಕು ಸುಮ್ಮನಾದಳಲ್ಲ, ಅವಳಿಗೆ ನನ್ನ ಆಶೀರ್ವಾದ.

ಮೆಲ್ಲೊ_ಅಮ್ಮ

ಸರ್, ನಿಮ್ಮ ಮಾತನ್ನು ಮಗಳಿಗೆ ಓದಿ ಹೇಳಿದೆ. ಆಶೀರ್ವಾದ ಅಂದರೆ ಅವಳಿಗೆ ಗೊತ್ತು, ಕೈ ಮುಗಿದಳು. ಗೋಪಾಲನಾಥರ ಕಛೇರಿ ಹಾಕಿಕೊಂಡು ಈಗ ಕೇಳುತ್ತಿದ್ದಾಳೆ, ಸೆಕ್ಷನ್ ಗ್ರೂಪಿಗೂ ಕಳಿಸಿದಳಂತೆ, ಸ್ಯಾಕ್ಸೊಫೋನ್ ಮಕ್ಕಳಿಗೆ ನಿದ್ದೆಯೇ ಇಲ್ಲವಂತೆ ಈಗ.

ಇಂಡಿಯಾನಾ_ಅಪ್ಪ

ಅವಸರದ ಅಪ್ಪ ಅವರೇ, ಒಂದು ಸಲ ಸ್ಪರ್ಧೆ ನೋಡಲು ಹೋಗಿ. ನಮ್ಮಲ್ಲಿ ನವೆಂಬರ್‌ನಲ್ಲಿ ಇಂಡಿಯಾನಾಪೊಲಿಸ್‌ನ ಲೂಕಾಸ್ ಆಯಿಲ್ ಸ್ಟೇಡಿಯಂನಲ್ಲಿ ಬ್ಯಾಂಡ್ಸ್ ಆಫ್ ಅಮೆರಿಕದ ಗ್ರ್ಯಾಂಡ್ ನ್ಯಾಷನಲ್ಸ್ ಅನ್ನುವ ದೇಶಮಟ್ಟದ ಸ್ಪರ್ಧೆ ನಡೆಯುತ್ತದೆ. ನಿಮ್ಮಲ್ಲಿ ಸ್ಯಾನ್ ಆಂಟೋನಿಯೊದ ಅಲಾಮೊಡೋಮ್‌ನಲ್ಲಿ ರಾಜ್ಯ ಫೈನಲ್ಸ್. ನಿಮ್ಮ ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೈದಾನ ನೋಡಬೇಡಿ, ಅವನ ಮುಖ ನೋಡಿ.

ಮೆಲ್ಲೊ_ಅಮ್ಮ

(ಮೂರು ವಾರದ ಮೇಲೆ ಬರೆಯುತ್ತಿದ್ದೇನೆ.)

ಏರಿಯಾ ಸ್ಪರ್ಧೆ, ಅಂದರೆ ರಾಜ್ಯ ಸ್ಪರ್ಧೆಗೆ ಮುಂಚಿನ ಸುತ್ತು, ಮುಗಿಯಿತು. ಫೈನಲ್ಸ್ ತಲುಪಿದರು, ರಾಜ್ಯಕ್ಕೆ ಹೋಗಲಿಲ್ಲ. ಈ ವರ್ಷ ಅಲಾಮೊಡೋಮ್ ಇಲ್ಲ. ಮಗಳಿಗೆ ಇದೇ ಕೊನೆಯ ವರ್ಷ.

ಫಲಿತಾಂಶ ಹೇಳುವಾಗ ಮಕ್ಕಳೆಲ್ಲ ಅಟೆನ್ಷನ್‌ನಲ್ಲಿ ನಿಂತಿರಬೇಕು, ಅಲುಗಬಾರದು. ನಾನು ಬೈನಾಕ್ಯುಲರ್‌ನಲ್ಲಿ ನೋಡುತ್ತಿದ್ದೆ. ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು, ಗಲ್ಲ ಮಾತ್ರ ಮೇಲೇ ಇತ್ತು. ಹತ್ತೂ ಮೆಲ್ಲೊಫೋನ್ ಒಂದೇ ಕೋನದಲ್ಲಿ. ನಾನು ಅತ್ತುಬಿಟ್ಟೆ, ಸೋತಿದ್ದಕ್ಕಲ್ಲ.

ಆಮೇಲೆ ಬಸ್ಸಿನ ಹತ್ತಿರ ಹೋದರೆ ಇವರು ಗುಂಪಾಗಿ ನಿಂತಿದ್ದಾರೆ. ಒಬ್ಬ 9ನೇ ತರಗತಿಯ ಹುಡುಗ ಬಿಕ್ಕುತ್ತಿದ್ದ. ಫೈನಲ್ಸ್‌ನಲ್ಲಿ ಒಂದು ಪ್ರವೇಶಕ್ಕೆ ಅವನು ಒಂದು ತಾಳ ಮೊದಲೇ ಊದಿದ್ದನಂತೆ, ತನ್ನಿಂದಲೇ ಸೋತೆವು ಅಂತ. ಮಗಳು ಅವನಿಗೆ ತಪ್ಪೇ ಆಗಿಲ್ಲ ಅಂತ ಹೇಳಲಿಲ್ಲ. "ಹೌದು, ನನಗೆ ಕೇಳಿಸಿತು. ಆಮೇಲೆ ಒಂದು ಸೆಕೆಂಡಿನಲ್ಲಿ ವಾಪಸ್ ಬಂದೆಯಲ್ಲ, ಅದೂ ಕೇಳಿಸಿತು. ನಾನು 9ನೇ ತರಗತಿಯಲ್ಲಿ ಹಾಗೆ ತಪ್ಪಿದಾಗ ಎಂಟು ತಾಳ ಊದಲೇ ಇಲ್ಲ" ಅಂದಳು. ಆಮೇಲೆ ಅಮ್ಮನ ತಂಬೂರಿ ಆ್ಯಪ್ ಹಾಕಿದಳು, ಅದೇ ಎಫ್. ಬಸ್ಸಿನ ಪಕ್ಕ, ಕತ್ತಲಲ್ಲಿ, ಹತ್ತೂ ಮಕ್ಕಳು ಆ ಒಂದು ಸ್ವರ ಹಿಡಿದರು. ಪಕ್ಕದ ಬಸ್ಸಿನಿಂದ ಬೇರೆ ಶಾಲೆಯ ಮೆಲ್ಲೊಫೋನ್ ಮಕ್ಕಳು ಇಳಿದು ಬಂದು ಸೇರಿಕೊಂಡರು. ಅವರು ರಾಜ್ಯಕ್ಕೆ ಹೋಗುವವರು.

ವಾದ್ಯ ಶಾಲೆಯದು, ಚಳಿಗಾಲಕ್ಕೆ ವಾಪಸ್ ಕೊಡಬೇಕು. ಅವಳದು 7ನೇ ನಂಬರ್. ಪೆಟ್ಟಿಗೆಯ ಒಳಗೆ ಮುಚ್ಚಳದ ಮೇಲೆ ಒಂದು ಕಾಗದ ಅಂಟಿಸಿದೆ, ಅದನ್ನು ಊದಿದವರೆಲ್ಲ ಹೆಸರು ಬರೆದು ಹೋಗುತ್ತಾರೆ. ಇವಳು ತನ್ನ ಹೆಸರನ್ನು ಕನ್ನಡದಲ್ಲೂ ಬರೆದಿದ್ದಾಳೆ.

ಅವಸರದ_ಅಪ್ಪ

ಮೇಡಂ, ನಾನು ಮಗನನ್ನು ಕರೆದುಕೊಂಡು ಆ ಏರಿಯಾ ಸ್ಪರ್ಧೆಗೆ ಬಂದಿದ್ದೆ. ಹೇಳಿರಲಿಲ್ಲ. ಅವನು ನಿಮ್ಮ ಮಗಳ ಬ್ಯಾಂಡ್ ಬಂದಾಗ ಮೆಲ್ಲೊಫೋನ್ ಯಾವುದು ಅಂತ ನನಗೆ ತೋರಿಸಿದ. ಒಂದು ಕಡೆ ಟ್ರಂಪೆಟ್ ನಿಂತು ಮೆಲ್ಲೊಫೋನಿನವರು ಮಾತ್ರ ಊದುವ ಜಾಗ ಬಂತಲ್ಲ, ಅಲ್ಲಿ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡ. ನಾನು ಅವನ ಮುಖ ನೋಡಿದೆ.

ಸೇರಿಸುತ್ತಿದ್ದೇನೆ. ಬೇಸಿಗೆ ಕ್ಯಾಂಪಿಗೆ ಏನೇನು ಬೇಕು ಹೇಳಿ. ವಾದ್ಯ ಕೊಳ್ಳಬೇಕಾ?

ಮೆಲ್ಲೊ_ಅಮ್ಮ

ತುಂಬಾ ಸಂತೋಷ ಆಯಿತು ನನಗೆ. ಮಗಳು ಪಕ್ಕದಲ್ಲೇ ಕುಳಿತು ಹೇಳುತ್ತಿದ್ದಾಳೆ, ಹಾಗೇ ಬರೆಯುತ್ತೇನೆ.

ವಾದ್ಯ ಕೊಳ್ಳಬೇಡಿ ಅಂಕಲ್, ಶಾಲೆಯಲ್ಲಿ ಕೊಡುತ್ತಾರಾ ಅಂತ ಮೊದಲು ಕೇಳಿ, ನಮ್ಮಲ್ಲಿ ಕೊಡುತ್ತಾರೆ. ಮೌತ್‌ಪೀಸ್ ಯಾವುದು ಅಂತ ಡೈರೆಕ್ಟರ್ ಹೇಳುವ ತನಕ ಕಾಯಿರಿ, ಕೆಲವರು ಹಾರ್ನಿನದನ್ನೇ ಅಡಾಪ್ಟರ್ ಹಾಕಿ ಇಟ್ಟುಕೊಳ್ಳುತ್ತಾರೆ, ಕೆಲವರು ಮೆಲ್ಲೊಫೋನಿನದನ್ನೇ ಕೇಳುತ್ತಾರೆ. ಬೆರಳಿನ ಲೆಕ್ಕ ಈಗಿನಿಂದಲೇ ಟ್ರಂಪೆಟ್ಟಿನ ಹಾಗೆ ಬಲಗೈಯಲ್ಲಿ ಮೇಜಿನ ಮೇಲೆ ಅಭ್ಯಾಸ ಮಾಡಲಿ. ಒಂದು ಗ್ಯಾಲನ್ ಹಿಡಿಯುವ ನೀರಿನ ಜಗ್, ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್, ಅಡಿ ಗಟ್ಟಿ ಇರುವ ಶೂ. ಆಗಸ್ಟ್‌ನಲ್ಲಿ ಡಾಂಬರಿನ ಮೇಲೆ ನಿಲ್ಲಬೇಕು, 38 ಡಿಗ್ರಿ ದಾಟುತ್ತದೆ. ಬೆಳಗ್ಗೆ ಏನಾದರೂ ತಿಂದೇ ಬರಬೇಕು, ಹಾಲು ಮಾತ್ರ ಬೇಡ.

ಮತ್ತೆ ಅವನು ನಮ್ಮ ಶಾಲೆಗೇ ಬರುವುದಾದರೆ 7ನೇ ನಂಬರ್ ಕೇಳಲು ಹೇಳಿ. ಅದರ ಎರಡನೇ ವಾಲ್ವ್ ಸ್ವಲ್ಪ ಅಂಟುತ್ತದೆ, ದಿನಾ ಎಣ್ಣೆ ಹಾಕಬೇಕು.